ಮೂರು ತಿಂಗಳು ತುಂಬ್ಲಿ ಅಂತ ಕಾಯೋ ಮನೆಗಳಲ್ಲಿ ಸಿವಿಎಸ್, ಆಮ್ನಿಯೋ ಲೆಕ್ಕ

ನನ್ನ ತಂಗಿ ಎರಡನೇ ಸಲ ಬಸುರಿ ಅಂತ ನನಗೆ ಗೊತ್ತಾಗಿದ್ದು ಹದಿಮೂರು ವಾರ ಮುಗಿದು ಮೇಲೆ ಐದು ದಿನ ಆದ್ಮೇಲೆ. ಪಾಂಡವಪುರದ ಹತ್ರ ಹಳ್ಳಿ, ಗಂಡ ಅಂದ್ರೆ ನಮ್ಮ ಸೋದರಮಾವನ ಮಗನೇ, ಮೊದಲನೇ ಮಗು ಎಂಟು ತಿಂಗಳಿಗೆ ಹೋಗ್ಬಿಟ್ಟಿತ್ತು, ಎಸ್‌ಎಂಎ ಅಂತ, ಸ್ನಾಯುಗಳಿಗೆ ಹೋಗೋ ನರ ಸೊರಗಿ ಮಗು ಕತ್ತು ಎತ್ತೋಕಾಗ್ದೆ, ಹಾಲು ನುಂಗೋಕಾಗ್ದೆ, ಕೊನೆಗೆ ಉಸಿರಾಡೋಕೂ ಆಗ್ದೆ ಹೋಗೋ ಕಾಯಿಲೆ. ಹಂಗಾಗಿ ಈ ಸಲ ನಿಂತಾಗ ಯಾರಿಗೂ ಹೇಳೋದು ಬೇಡ, ಮೂರು ತಿಂಗಳು ತುಂಬ್ಲಿ, ಕಣ್ಣು ಬೀಳತ್ತೆ ಅಂತ ಅತ್ತೆ ಹೇಳಿದ್ರು, ನಮ್ಮವ್ವನೂ ಹೂಂ ಅಂದಿದ್ರು. ಅವರು ಮಗುನ ಕಾಪಾಡೋಕೆ ಅಂತಾನೇ ಹಂಗೆ ಮಾಡಿದ್ದು, ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಮೈಸೂರಲ್ಲಿ ಡಾಕ್ಟರ್ ಮುಂದೆ ಹೋಗಿ ಕೂತಾಗ ಹದಿನಾಲ್ಕು ವಾರ ಎರಡು ದಿನ ಆಗಿತ್ತು. ಅವರು ಸ್ಕ್ಯಾನ್ ರಿಪೋರ್ಟ್‌ನಲ್ಲಿ ತಾರೀಖು ನೋಡಿ, "ಒಂದು ಹದಿನೈದು ದಿನ ಮುಂಚೆ ಬಂದಿದ್ರೆ ಸಿವಿಎಸ್ ಮಾಡ್ಬಹುದಿತ್ತಮ್ಮ, ಈಗ ಆಮ್ನಿಯೋಗೆ ಇನ್ನೆರಡು ವಾರ ಕಾಯ್ಬೇಕು" ಅಂದ್ರು.

ಆ ಎರಡು ವಾರ, ಅದಾದ್ಮೇಲೆ ರಿಸಲ್ಟ್‌ಗೆ ಅಂತ ಇನ್ನೆರಡು ವಾರ ನಮ್ಮ ಮನೆ ಹೆಂಗಿತ್ತು ಅನ್ನೋದು ನನಗೆ ಗೊತ್ತು. ಅದಕ್ಕೇ ಇದನ್ನ ಬರೀತಿದೀನಿ. ಸಿವಿಎಸ್, ಆಮ್ನಿಯೋ ಅಂದ್ರೆ ಬಸುರಿ ಹೊಟ್ಟೆಗೆ ಸೂಜಿ ಹಾಕಿ ಮಗುಗೆ ಕಾಯಿಲೆ ಇದ್ಯಾ ಅಂತ ನೋಡೋ ಟೆಸ್ಟ್‌ಗಳು. ಇವುಗಳ ಬಗ್ಗೆ ಯಾರನ್ನ ಕೇಳಿದ್ರೂ ಮೊದಲು ಬರೋ ಪ್ರಶ್ನೆ ಒಂದೇ, ಯಾವುದ್ರಲ್ಲಿ ಅಬಾರ್ಷನ್ ಆಗೋ ಭಯ ಜಾಸ್ತಿ ಅಂತ. ಪ್ರಶ್ನೆ ಸರಿಯಾಗೇ ಇದೆ, ಆದ್ರೆ ಈಗ ಅದು ಮುಖ್ಯವಾದ ಪ್ರಶ್ನೆಯಾಗಿ ಉಳಿದಿಲ್ಲ. ಯಾವ ವಾರದಲ್ಲಿದೀವಿ, ಯಾವ ಕಾಯಿಲೆ ಹುಡುಕ್ತಿದೀವಿ, ಇವೆರಡು ಗೊತ್ತಿಲ್ದೆ ಸಿವಿಎಸ್ ಒಳ್ಳೇದಾ ಆಮ್ನಿಯೋ ಒಳ್ಳೇದಾ ಅಂತ ಕೇಳಿದ್ರೆ ಉತ್ತರ ಸಿಗಲ್ಲ.

ಮೊದಲು ಒಂದು ಗೊಂದಲ ಬಿಡಿಸ್ಬಿಡ್ತೀನಿ, ಯಾಕಂದ್ರೆ ಆಸ್ಪತ್ರೆ ಬೆಂಚ್ ಮೇಲೆ ಕೂತಿದ್ದಾಗ ಪಕ್ಕದಲ್ಲಿದ್ದ ಮೂರ್ನಾಲ್ಕು ಜನಕ್ಕೆ ಇದೇ ಗೊಂದಲ ಇತ್ತು. ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್, ಕ್ವಾಡ್ರುಪಲ್ ಮಾರ್ಕರ್, ಈಗ ಬಂದಿರೋ ಎನ್‌ಐಪಿಟಿ, ಇವೆಲ್ಲ ಸ್ಕ್ರೀನಿಂಗ್, ಅಂದ್ರೆ ಮಗುಗೆ ಡೌನ್ ಸಿಂಡ್ರೋಮ್ ಥರದ ತೊಂದ್ರೆ ಇರ್ಬಹುದು ಅನ್ನೋಕೆ ಇಷ್ಟು ಪಾಲು ಅನುಮಾನ ಇದೆ ಅಂತ ಹೇಳೋವು. ರಿಪೋರ್ಟ್‌ನಲ್ಲಿ ಹೈ ರಿಸ್ಕ್, 1:180 ಅಂತ ಬಂದ್ರೆ ಮನೆಯವರೆಲ್ಲ ಅಳೋಕೆ ಶುರು ಮಾಡ್ತಾರೆ, ಆದ್ರೆ ಅದರ ಅರ್ಥ ಇಷ್ಟೇ: ಇದೇ ರಿಸಲ್ಟ್ ಬಂದ 180 ತಾಯಂದಿರನ್ನ ಸಾಲಾಗಿ ನಿಲ್ಲಿಸಿದ್ರೆ ಅವರಲ್ಲಿ ಒಬ್ಬರ ಮಗುಗೆ ಆ ತೊಂದ್ರೆ ಇರ್ಬಹುದು, 179 ಜನರ ಮಗುಗೆ ಇಲ್ಲ. ಎನ್‌ಐಪಿಟಿ ಹತ್ತು ವಾರ ಆದ್ಮೇಲೆ ತಾಯಿ ರಕ್ತದಲ್ಲೇ ಮಾಡೋದು, ಡೌನ್ ಸಿಂಡ್ರೋಮ್ ಹಿಡಿಯೋದ್ರಲ್ಲಿ ಹಳೇ ಟೆಸ್ಟ್‌ಗಳಿಗಿಂತ ತುಂಬಾ ಮೇಲು, ಆದ್ರೂ ಅದೂ ಸ್ಕ್ರೀನಿಂಗೇ, ಅದನ್ನ ನಂಬ್ಕೊಂಡು ಗರ್ಭ ತೆಗೆಸೋ ತೀರ್ಮಾನ ಯಾರೂ ಮಾಡ್ಬಾರ್ದು. ಹೌದು ಅಥವಾ ಅಲ್ಲ ಅಂತ ಹೇಳ್ಬೇಕಂದ್ರೆ ಮಗುದೇ ಜೀವಕೋಶ ಬೇಕು, ಅದಕ್ಕೇ ಸೂಜಿ. ಸೂಜಿ ಎಲ್ಲಿಗೆ ಹೋಗತ್ತೆ ಅನ್ನೋದ್ರ ಮೇಲೆ ಮೂರು ಟೆಸ್ಟ್.

ಸಿವಿಎಸ್ ಅಂದ್ರೆ ಮಾಸಿನಿಂದ, ಅದೇ ನಮ್ಮ ಕಡೆ ಕಸ ಅಂತೀವಲ್ಲ, ಆ ಪ್ಲಾಸೆಂಟಾದಿಂದ ಬೇರಿನ ಎಳೆ ಥರ ಇರೋ ಚೂರು ತೆಗೆಯೋದು. ಹನ್ನೊಂದು ವಾರದಿಂದ ಹದಿಮೂರು ವಾರ ಆರು ದಿನದವರೆಗೆ ಸಾಮಾನ್ಯವಾಗಿ ಮಾಡ್ತಾರೆ. ಹೆಚ್ಚಾಗಿ ಹೊಟ್ಟೆ ಮೇಲಿಂದ ಸೂಜಿ ಹಾಕ್ತಾರೆ, ಮಾಸು ಹಿಂದುಗಡೆ ಕೆಳಗಿದ್ರೆ ಕೆಲವೊಮ್ಮೆ ಗರ್ಭಕೋಶದ ಬಾಯಿಂದ ಸಣ್ಣ ಟ್ಯೂಬ್ ಹಾಕ್ತಾರೆ. ಸಿಗೋದು ಕೆಲವೇ ಮಿಲಿಗ್ರಾಂ, ಆದ್ರೆ ಅದ್ರಲ್ಲಿ ಡಿಎನ್‌ಎ ಯಥೇಚ್ಛ, ಕಲ್ಚರ್‌ಗೆ ಅಂತ, ಅಂದ್ರೆ ಲ್ಯಾಬ್‌ನಲ್ಲಿ ಜೀವಕೋಶ ಬೆಳೆಸೋವರೆಗೆ, ಕಾಯದೆ ನೇರವಾಗಿ ಟೆಸ್ಟ್ ಮಾಡ್ಬಹುದು. ಆಮ್ನಿಯೋ ಅಂದ್ರೆ ಮಗು ಸುತ್ತ ಇರೋ ನೀರಲ್ಲಿ ಹದಿನೈದು-ಇಪ್ಪತ್ತು ಎಂಎಲ್ ತೆಗೆಯೋದು, ಹದಿನೈದು ವಾರ ಮುಗಿದ ಮೇಲೆ, ಮಗುವಿನ ಚರ್ಮದಿಂದ, ಮೂತ್ರದಿಂದ ಬಂದ ಜೀವಕೋಶಗಳು ಆ ನೀರಲ್ಲಿ ತೇಲ್ತಿರ್ತವೆ, ಲ್ಯಾಬ್‌ನಲ್ಲಿ ಅವನ್ನ ಬೆಳೆಸಿ ನೋಡೋಕೆ ಹತ್ತು-ಹದಿನಾಲ್ಕು ದಿನ ಬೇಕಾಗತ್ತೆ. ಮೂರನೇದು ಕಾರ್ಡೋಸೆಂಟೆಸಿಸ್, ಹೊಕ್ಕಳ ಬಳ್ಳಿಯಿಂದಲೇ ಮಗು ರಕ್ತ ತೆಗೆಯೋದು, ಹದಿನೆಂಟು ವಾರ ಆದ್ಮೇಲೆ. ಒಂದು ಕಾಲದಲ್ಲಿ ಬೇಗ ರಿಸಲ್ಟ್ ಬೇಕು ಅಂದ್ರೆ ಇದನ್ನೇ ಮಾಡ್ತಿದ್ರು, ಈಗ ಜೀನ್ ಕಾಯಿಲೆ ನೋಡೋಕೆ ಅಂತ ಇದನ್ನ ಮಾಡೋದು ಅಪರೂಪ, ತಾಯಿ ಆರ್‌ಎಚ್ ನೆಗೆಟಿವ್ ಇದ್ದು ಹೊಟ್ಟೇಲಿರೋ ಮಗುಗೆ ರಕ್ತ ಕಮ್ಮಿಯಾದಾಗ ನೋಡೋಕೆ, ಒಳಗೇ ರಕ್ತ ಕೊಡೋಕೆ ಇದು ಬೇಕಾಗತ್ತೆ.

ಈ ವಾರಗಳ ಗಡಿ ಯಾರೋ ಸುಮ್ನೆ ಹಾಕಿದ್ದಲ್ಲ. ಸಿವಿಎಸ್ ಬಂದ ಹೊಸದ್ರಲ್ಲಿ ಎಂಟು-ಒಂಬತ್ತು ವಾರಕ್ಕೇ ಮಾಡ್ತಿದ್ರು, 1991ರಲ್ಲಿ ಇಂಗ್ಲೆಂಡಿಂದ ಬಂದ ವರದಿಯಲ್ಲಿ ಅಷ್ಟು ಬೇಗ ಮಾಡಿಸ್ಕೊಂಡವರ ಕೆಲವು ಮಕ್ಕಳಿಗೆ ಕೈಕಾಲು, ಬೆರಳು ಸರಿಯಾಗಿ ಬೆಳೆದಿರ್ಲಿಲ್ಲ ಅಂತ ಕಂಡು ಬಂತು, ಅಲ್ಲಿಂದ ಹತ್ತು ವಾರಕ್ಕೆ ಮುಂಚೆ ಮುಟ್ಟೋದು ನಿಂತೋಯ್ತು. ಆಮ್ನಿಯೋನೂ ಹನ್ನೊಂದು-ಹನ್ನೆರಡು ವಾರಕ್ಕೆ ಮಾಡಿ ನೋಡಿದ್ರು, 1998ರಲ್ಲಿ ಕೆನಡಾದ ದೊಡ್ಡ ಅಧ್ಯಯನದಲ್ಲಿ ಬೇಗ ಮಾಡಿಸ್ಕೊಂಡವರ ಮಕ್ಕಳಲ್ಲಿ ಪಾದ ಒಳಗೆ ತಿರುಗಿಕೊಳ್ಳೋದು ನೂರಕ್ಕೆ ಒಂದಕ್ಕಿಂತ ಹೆಚ್ಚು ಕಂಡಿತು, ಸರಿಯಾದ ವಾರದಲ್ಲಿ ಮಾಡಿಸಿದವರಲ್ಲಿ ಅದು ಸಾವಿರಕ್ಕೆ ಒಂದು. ಅದಕ್ಕೇ "ಸ್ವಲ್ಪ ಬೇಗ ಮಾಡ್ಬಿಡಿ ಡಾಕ್ಟ್ರೇ" ಅಂತ ಒತ್ತಾಯ ಮಾಡೋದು ಬೇಡ. ನಮ್ಮ ಬಾವ ಹದಿನಾಲ್ಕನೇ ವಾರದಲ್ಲಿ ಕೈಮುಗಿದು ಇದನ್ನೇ ಕೇಳಿದ್ರು. ಡಾಕ್ಟರ್ ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅಂತ ಅರ್ಥ ಆಗಿದ್ದು ನನಗೆ ಆಮೇಲೆ ಓದಿದಾಗ.

ಇನ್ನು ಅಬಾರ್ಷನ್ ರಿಸ್ಕ್ ವಿಷ್ಯ. ಆಮ್ನಿಯೋಗೆ ನೂರಕ್ಕೆ ಒಂದು, ಸಿವಿಎಸ್‌ಗೆ ನೂರಕ್ಕೆ ಎರಡು ಅಂತ ಎಲ್ಲರ ಬಾಯಲ್ಲೂ ಇದೆ, ಕೆಲವು ಆಸ್ಪತ್ರೆ ಕಾಗದದಲ್ಲೂ ಇದೆ. ಈ ನೂರಕ್ಕೊಂದು ಅನ್ನೋ ಲೆಕ್ಕ ಬಂದಿದ್ದು 1986ರ ಡೆನ್ಮಾರ್ಕ್ ಅಧ್ಯಯನದಿಂದ, 4,606 ಹೆಂಗಸರನ್ನ ಎರಡು ಗುಂಪು ಮಾಡಿ ನೋಡಿದ್ದು, ಒಳ್ಳೇ ಅಧ್ಯಯನವೇ, ಆದ್ರೆ ಆಗಿನ ಸ್ಕ್ಯಾನಿಂಗ್ ಮೆಷಿನ್‌ಗೂ ಈಗಿಂದಕ್ಕೂ ಹೋಲಿಕೆಯೇ ಇಲ್ಲ. ಈಚಿನ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ರೆ ಸೂಜಿಯಿಂದಾನೇ ಆಗೋ ನಷ್ಟ ಎರಡರಲ್ಲೂ ಸಾವಿರಕ್ಕೆ ಎರಡು-ಮೂರರ ಆಸುಪಾಸು, ಕೈ ಪಳಗಿದವರು ಮಾಡಿದ್ರೆ ಅರ್ಧ ಪರ್ಸೆಂಟ್‌ಗಿಂತ ಕಮ್ಮಿ. ಮತ್ತೆ ಸಿವಿಎಸ್ ಯಾಕೆ ಜಾಸ್ತಿ ಡೇಂಜರ್ ಅನ್ನೋ ಹೆಸರು ತಗೊಂಡಿತು ಅಂದ್ರೆ, ಅದನ್ನ ಮಾಡೋ ಹನ್ನೊಂದು-ಹನ್ನೆರಡನೇ ವಾರದಲ್ಲಿ ಯಾವ ಸೂಜಿ ಹಾಕದೆ ಇದ್ರೂ ಕೆಲವರಿಗೆ ಗರ್ಭ ತಾನಾಗೇ ಹೋಗತ್ತೆ, ಹದಿನಾರನೇ ವಾರಕ್ಕೆ ಬರೋ ಹೊತ್ತಿಗೆ ಹೋಗೋವು ಹೋಗಿ ನಿಲ್ಲೋವು ನಿಂತಿರ್ತವೆ. ಹಂಗಾಗಿ ಟೆಸ್ಟ್ ಆದ್ಮೇಲೆ ಎಷ್ಟು ಹೋದ್ವು ಅಂತ ಬರೀ ಎಣಿಸಿದ್ರೆ ಸಿವಿಎಸ್ ಮೇಲೆ ಜಾಸ್ತಿ ಅಪವಾದ ಬೀಳತ್ತೆ. ಕಾರ್ಡೋಸೆಂಟೆಸಿಸ್ ಮಾತ್ರ ನಿಜವಾಗ್ಲೂ ಇವೆರಡಕ್ಕಿಂತ ಅಪಾಯ ಜಾಸ್ತಿ ಇರೋದು, ನೂರಕ್ಕೆ ಒಂದೆರಡು ಅಂತ ಹೇಳ್ತಾರೆ, ಮಗು ಮೊದಲೇ ಬಳಲಿದ್ರೆ ಇನ್ನೂ ಜಾಸ್ತಿ.

ಒಂದು ಮಾತು ಸೇರಿಸ್ಬೇಕು. ಸಿವಿಎಸ್ ಮಾಡೋ ಕೈಗಳು ಆಮ್ನಿಯೋ ಮಾಡೋ ಕೈಗಳಷ್ಟು ಸಿಗಲ್ಲ. ಎಲ್ಲ ಗೈನಕಾಲಜಿಸ್ಟೂ ಮಾಡೋ ಕೆಲ್ಸ ಅಲ್ಲ ಇದು, ಫೀಟಲ್ ಮೆಡಿಸಿನ್ ಅಂತ ಬೇರೆ ಓದಿ, ಕಣ್ಣು ಸ್ಕ್ರೀನ್ ಮೇಲೆ ಕೈ ಸೂಜಿ ಮೇಲೆ ಇಟ್ಟು ಅಭ್ಯಾಸ ಆಗಿರ್ಬೇಕು. ಮೈಸೂರಲ್ಲಿ ಈಗ ಅಂಥ ಡಾಕ್ಟರ್‌ಗಳಿದಾರೆ, ಬೆಂಗಳೂರಲ್ಲಿ ಇನ್ನೂ ಜಾಸ್ತಿ. ನೀವು ವರ್ಷಕ್ಕೆ ಎಷ್ಟು ಮಾಡ್ತೀರ ಡಾಕ್ಟ್ರೇ ಅಂತ ಕೇಳೋಕೆ ನಮ್ಮೂರ ಕಡೆಯವರು ಹಿಂಜರೀತಾರೆ, ಎದುರು ಮಾತಾಡ್ದಂಗೆ ಆಗತ್ತೇನೋ ಅಂತ. ಕೇಳಿ. ಒಳ್ಳೇ ಡಾಕ್ಟರ್ ಯಾರೂ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಹಂಗಾದ್ರೆ ಬೇಗ ಆಗೋ ಸಿವಿಎಸ್ಸೇ ಎಲ್ಲರಿಗೂ ಒಳ್ಳೇದಾ ಅಂದ್ರೆ ಅದೂ ಅಲ್ಲ, ಇಲ್ಲಿ ಎರಡನೇ ಪ್ರಶ್ನೆ ಬರತ್ತೆ, ಏನನ್ನ ಹುಡುಕ್ತಿದೀವಿ ಅಂತ. ಮಾಸು ಮತ್ತೆ ಮಗು ಒಂದೇ ಮೊಟ್ಟೆಯಿಂದ ಬಂದಿದ್ರೂ ನೂರಕ್ಕೆ ಒಂದೆರಡು ಬಸುರಲ್ಲಿ ಮಾಸಿನಲ್ಲಿ ಮಾತ್ರ ಕ್ರೋಮೋಸೋಮ್, ಅಂದ್ರೆ ಜೀನ್‌ಗಳನ್ನ ಹೊತ್ತಿರೋ ಎಳೆಗಳು, ಏರುಪೇರಾಗಿರತ್ತೆ, ಮಗು ಸರಿಯಾಗೇ ಇರತ್ತೆ. ಸಿವಿಎಸ್ ಮಾಸನ್ನ ನೋಡೋದ್ರಿಂದ ಇಂಥ ಕಡೆ ಗೊಂದಲ ಆಗಿ ಮತ್ತೆ ಹದಿನಾರನೇ ವಾರಕ್ಕೆ ಆಮ್ನಿಯೋ ಮಾಡಿಸ್ಬೇಕಾಗತ್ತೆ. ಎನ್‌ಐಪಿಟಿಲಿ ತಾಯಿ ರಕ್ತದಲ್ಲಿ ಸಿಗೋ ಮಗುವಿನ ಡಿಎನ್‌ಎ ಅಂತೀವಲ್ಲ, ಅದೂ ನಿಜವಾಗಿ ಬರೋದು ಮಾಸಿನಿಂದಲೇ. ಅಂದ್ರೆ ಎನ್‌ಐಪಿಟಿ ಪಾಸಿಟಿವ್ ಬಂತು ಅಂತ ಸಿವಿಎಸ್ ಮಾಡಿಸಿದ್ರೆ ಎರಡೂ ಒಂದೇ ಬಾವಿ ನೀರು, ಮೊದಲನೇದು ತಪ್ಪಿದ್ರೆ ಎರಡನೇದೂ ಅದೇ ತಪ್ಪನ್ನ ಹೇಳೋ ಸಾಧ್ಯತೆ ಇದೆ. ಸ್ಕ್ಯಾನ್‌ನಲ್ಲಿ ಮಗು ಸರಿಯಾಗಿ ಕಾಣ್ತಿದ್ದು ಬರೀ ರಕ್ತದ ಟೆಸ್ಟ್‌ನಲ್ಲಿ ಅನುಮಾನ ಬಂದಿದ್ರೆ ಹದಿನೈದು ವಾರ ದಾಟೋವರೆಗೆ ಕಾದು ಆಮ್ನಿಯೋ ಮಾಡಿಸೋದೇ ವಾಸಿ ಅಂತ ಹಲವು ತಜ್ಞರು ಹೇಳೋದು ಇದಕ್ಕೇ. ಆ ಕಾಯೋದ್ರಲ್ಲಿ ಅರ್ಥ ಇದೆ.

ಆದ್ರೆ ತಂಗಿ ಮನೆ ಕಥೆ ಬೇರೆ. ಅಲ್ಲಿ ಹುಡುಕ್ತಿರೋದು ಕ್ರೋಮೋಸೋಮ್ ಎಣಿಕೆ ಅಲ್ಲ, ಒಂದು ಜೀನು. ಎಸ್‌ಎಂಎ, ರಕ್ತಕ್ಕೆ ಬರೋ ಥಲಸ್ಸೀಮಿಯಾ, ಸಿಕಲ್ ಸೆಲ್ ಇವೆಲ್ಲ ಅಪ್ಪ ಅಮ್ಮ ಇಬ್ಬರ ಹತ್ರಾನೂ ಕೆಟ್ಟ ಪ್ರತಿ ಒಂದೊಂದು ಇದ್ದು, ಎರಡೂ ಮಗುಗೆ ಬಂದಾಗ ಮಾತ್ರ ಕಾಯಿಲೆ ಆಗೋವು, ಪ್ರತಿ ಬಸುರಲ್ಲೂ ನಾಲ್ಕರಲ್ಲಿ ಒಂದು ಪಾಲು. ನಮ್ಮವ್ವ ತುಂಬಾ ದಿನ "ಒಂದು ಹೋಯ್ತಲ್ಲ, ಇನ್ನು ಮೂರು ಚೆನ್ನಾಗಿರ್ತವೆ ಬುಡು" ಅಂತಿದ್ರು, ಡಾಕ್ಟರ್ ನಾಲ್ಕಕ್ಕೆ ಒಂದು ಅಂದಿದ್ದನ್ನ ಹಂಗೆ ಅರ್ಥ ಮಾಡ್ಕೊಂಡಿದ್ರು. ಹಂಗಲ್ಲ, ಪ್ರತಿ ಸಲನೂ ಲೆಕ್ಕ ಹೊಸದಾಗಿ ಶುರು. ಮನೇಲಿರೋ ದೋಷ ಯಾವ್ದು ಅಂತ ಮೊದಲೇ ಗೊತ್ತಿದ್ರೆ ಇಂಥ ಒಂದು ಜೀನ್ ಕಾಯಿಲೆಗೆ ಸಿವಿಎಸ್ಸೇ ಮೇಲು, ಮಾಸಿನ ಗೊಂದಲ ಇಲ್ಲಿ ಅಷ್ಟಾಗಿ ಕಾಡಲ್ಲ, ಡಿಎನ್‌ಎ ಬೇಕಾದಷ್ಟು ಸಿಗತ್ತೆ, ತಾಯಿ ಅಂಶ ಮಿಕ್ಸ್ ಆಗಿದ್ಯಾ ಅಂತ ನೋಡೋಕೆ ಜೊತೇಲಿ ತಾಯಿ ರಕ್ತ ಒಂದು ಟ್ಯೂಬ್ ಕಳಿಸ್ತಾರೆ ಅಷ್ಟೆ.

ಈಗ ಕ್ಯಾಲೆಂಡರ್ ಇಟ್ಕೊಂಡು ನೋಡಿ. ಹನ್ನೊಂದೂವರೆ ವಾರಕ್ಕೆ ಸಿವಿಎಸ್ ಆದ್ರೆ ಹದಿಮೂರು-ಹದಿನಾಲ್ಕನೇ ವಾರಕ್ಕೆ ಉತ್ತರ ಕೈಲಿರತ್ತೆ. ಹೊಟ್ಟೆ ಇನ್ನೂ ಕಾಣಿಸಿರಲ್ಲ, ಊರಿಗೆ ಗೊತ್ತಿರಲ್ಲ. ಕೆಟ್ಟ ಸುದ್ದಿ ಬಂದು ಗರ್ಭ ಬೇಡ ಅಂತ ತೀರ್ಮಾನ ಮಾಡಿದ್ರೂ ಆ ಹೊತ್ತಲ್ಲಿ ತಾಯಿ ದೇಹಕ್ಕೆ ಆಗೋ ಹಿಂಸೆ ಕಮ್ಮಿ. ಆಮ್ನಿಯೋ ಹದಿನಾರೂವರೆಗೆ ಆದ್ರೆ ಉತ್ತರ ಹದಿನೆಂಟೂವರೆ-ಹತ್ತೊಂಬತ್ತಕ್ಕೆ. ಅಷ್ಟೊತ್ತಿಗೆ ಬೇಡ ಅಂದ್ರೆ ಅದು ಸಾಮಾನ್ಯವಾಗಿ ಹೆರಿಗೆ ನೋವು ತರಿಸಿ ಆಗ್ಬೇಕಾಗತ್ತೆ ಅನ್ನೋದನ್ನ ಯಾರೂ ಮುಂಚೆ ಬಿಡಿಸಿ ಹೇಳಲ್ಲ. ನನ್ನ ತಂಗಿಗೆ ಆಮ್ನಿಯೋ ಆಗಿ ಹತ್ತು ದಿನ ಆಗಿತ್ತು, ರಿಸಲ್ಟ್ ಇನ್ನೂ ಬಂದಿರ್ಲಿಲ್ಲ, ಒಂದಿನ ಸಂಜೆ ಫೋನ್ ಮಾಡಿ "ಅಕ್ಕ, ಒಳಗೆ ಮೀನು ಆಡ್ದಂಗಾಯ್ತು" ಅಂದ್ಲು. ಅಷ್ಟೇ ಹೇಳಿ ಸುಮ್ನಾದ್ಲು, ನನಗೂ ಮಾತು ಬರ್ಲಿಲ್ಲ. ಸಾವಿರಕ್ಕೆ ಎರಡೋ ಮೂರೋ ಅಂತ ಎರಡು ಟೆಸ್ಟ್‌ಗಳನ್ನ ತಕ್ಕಡೀಲಿ ಇಟ್ಟು ತೂಗೋವರು ಇದನ್ನ ಯಾವ ತಟ್ಟೇಲಿ ಇಡ್ತಾರೆ? ನನ್ನ ಪ್ರಕಾರ ಎರಡು ಟೆಸ್ಟ್‌ಗೂ ಇರೋ ನಿಜವಾದ ವ್ಯತ್ಯಾಸ ಈ ಐದು ವಾರ.

ಗರ್ಭ ತೆಗೆಸೋಕೆ ಇರೋ ಕಾನೂನಿನ ಗಡುವು ಮೊದಲಿನಷ್ಟು ಬಿಗಿ ಇಲ್ಲ. 1971ರ ಎಂಟಿಪಿ ಕಾಯ್ದೆಯಲ್ಲಿ ಇಪ್ಪತ್ತು ವಾರ ಅಂತ ಇತ್ತು, 2021ರ ತಿದ್ದುಪಡಿ ಆದ್ಮೇಲೆ ಮಗುಗೆ ಗಂಭೀರ ತೊಂದ್ರೆ ಇರೋಂಥ ಕೇಸ್‌ಗಳಲ್ಲಿ ಇಬ್ಬರು ಡಾಕ್ಟರ್ ಒಪ್ಪಿದ್ರೆ ಇಪ್ಪತ್ನಾಲ್ಕು ವಾರದವರೆಗೆ, ಅದಕ್ಕೂ ಮೇಲೆ ಆದ್ರೆ ಮೆಡಿಕಲ್ ಬೋರ್ಡ್ ತೀರ್ಮಾನ. ಇದರಿಂದ ಆಮ್ನಿಯೋಗೆ ಹೋದವರಿಗೆ ಉಸಿರು ಬಿಡೋಕೆ ಜಾಗ ಸಿಕ್ಕಿದೆ, ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ತೊಂದ್ರೆ ಕಂಡು ಆಮೇಲೆ ಟೆಸ್ಟ್ ಮಾಡಿಸೋವರಿಗಂತೂ ಇದು ದೊಡ್ಡ ಆಸರೆ. ಆದ್ರೆ ಕಾನೂನು ಒಪ್ಪತ್ತೆ ಅಂದ ಮಾತ್ರಕ್ಕೆ ಇಪ್ಪತ್ತೆರಡನೇ ವಾರದ ನೋವು ಹನ್ನೆರಡನೇ ವಾರದ ನೋವಿನಷ್ಟೇ ಆಗಲ್ಲ.

ಸಿವಿಎಸ್ ಆಗ್ಲಿ ಆಮ್ನಿಯೋ ಆಗ್ಲಿ ಬಲೆ ಬೀಸಿ ಎಲ್ಲ ಕಾಯಿಲೆ ಹಿಡಿಯೋ ಟೆಸ್ಟ್ ಅಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕ್ಯಾರಿಯೋಟೈಪ್ ಕೇಳಿದ್ರೆ ಕ್ರೋಮೋಸೋಮ್ ಎಣಿಕೆ, ದೊಡ್ಡ ಮುರುಕು ಮಾತ್ರ ಕಾಣತ್ತೆ, ಎರಡು-ಮೂರು ವಾರ ಹಿಡಿಯತ್ತೆ. ಕ್ಯೂಎಫ್-ಪಿಸಿಆರ್ ಅಂದ್ರೆ ಡೌನ್ ಥರದ ಮೂರ್ನಾಲ್ಕು ಮುಖ್ಯ ತೊಂದ್ರೆಗಳಿಗೆ ಎರಡು-ಮೂರು ದಿನದಲ್ಲೇ ಉತ್ತರ. ಮೈಕ್ರೋಅರೇ ಇನ್ನೂ ಸಣ್ಣ ತುಂಡು ಹೋಗಿದ್ರೂ ಹಿಡಿಯತ್ತೆ, ಆದ್ರೆ ಕೆಲವೊಮ್ಮೆ ಇದು ಕೆಟ್ಟದ್ದೋ ಒಳ್ಳೇದೋ ಹೇಳೋಕಾಗಲ್ಲ ಅನ್ನೋ ಥರದ ರಿಸಲ್ಟ್ ಬರತ್ತೆ, ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೊಂಡಿರ್ಬೇಕು. ಇವ್ಯಾವುದ್ರಲ್ಲೂ ಥಲಸ್ಸೀಮಿಯಾನೋ ಎಸ್‌ಎಂಎನೋ ತಾನಾಗೇ ಗೊತ್ತಾಗಲ್ಲ, ಇದೇ ಜೀನ್, ಇದೇ ದೋಷ ನೋಡಿ ಅಂತ ಲ್ಯಾಬ್‌ಗೆ ಹೇಳ್ಬೇಕು. ಹೇಳ್ಬೇಕಂದ್ರೆ ನಮಗೆ ಮೊದಲು ಗೊತ್ತಿರ್ಬೇಕು. ಗೊತ್ತಿರ್ಬೇಕಂದ್ರೆ ಕಾಯಿಲೆ ಬಂದ ಮೊದಲ ಮಗುದು ಜೀನ್ ಟೆಸ್ಟ್ ಆಗಿರ್ಬೇಕು, ಇಲ್ಲಾ ಅಪ್ಪ ಅಮ್ಮಂದಾದ್ರೂ.

ನಮ್ಮ ಅದೃಷ್ಟ, ಮೊದಲ ಮಗು ಆಸ್ಪತ್ರೇಲಿದ್ದಾಗ ಒಬ್ಬ ಮಕ್ಕಳ ಡಾಕ್ಟರ್ ಹಠ ಹಿಡಿದು ಅದರ ರಕ್ತ ಜೀನ್ ಟೆಸ್ಟ್‌ಗೆ ಕಳಿಸಿದ್ರು. ಆಗ ನಮಗೆ ಕೋಪ ಬಂದಿತ್ತು, ಹೆಂಗಿದ್ರೂ ಔಷಧಿ ನಮ್ಮ ಕೈಗೆ ಎಟಕಲ್ಲ, ಹದಿನಾರು ಕೋಟಿ ಇಂಜೆಕ್ಷನ್ ಅಂತೆ, ಇನ್ನು ಹೆಸರು ತಿಳ್ಕೊಂಡು ಏನಾಗ್ಬೇಕು, ಸಾವಿರಾರು ರೂಪಾಯಿ ಯಾಕೆ ಅಂತ ಬಾವ ಕೂಗಾಡಿದ್ರು. ಆ ಡಾಕ್ಟರ್ ಹೇಳಿದ್ದು "ಇದು ಈ ಮಗುಗಲ್ಲಪ್ಪ, ಮುಂದಿನ ಮಗುಗೆ" ಅಂತ. ಮಗು ಹೋದ್ಮೇಲೆ ಆ ರಿಪೋರ್ಟ್ ತಂಗಿ ಬೀರುವಿನಲ್ಲಿ, ಮಗು ಸ್ವೆಟರ್ ಕೆಳಗೆ, ಇದ್ದೇ ಇತ್ತು. ಆಮ್ನಿಯೋ ಮಾಡೋ ಮುಂಚೆ ಡಾಕ್ಟರ್ ಮೊದಲು ಕೇಳಿದ್ದು ಅದನ್ನೇ. ಅದಿಲ್ದೆ ಇದ್ದಿದ್ರೆ ಯಾವ ಕಾಯಿಲೆಗೆ ನೋಡ್ಬೇಕು ಅಂತ ಹುಡುಕೋದ್ರಲ್ಲೇ ಇನ್ನೊಂದು ತಿಂಗಳು ಹೋಗ್ತಿತ್ತು. ಮಗು ಕಳ್ಕೊಂಡ ಮನೇಲಿ ಈ ಮಾತು ಆಡೋದು ಕಷ್ಟ, ನನಗೆ ಗೊತ್ತು, ಆದ್ರೂ ಹೇಳ್ತೀನಿ: ಕಾರಣ ಗೊತ್ತಿಲ್ದೆ ಮಗು ಸೊರಗ್ತಿದ್ರೆ ಅದರ ಡಿಎನ್‌ಎ ಇಟ್ಕೊಳ್ಳಿ ಅಂತ ಡಾಕ್ಟರನ್ನ ಕೇಳಿ.

ನಮ್ಮ ಸೀಮೆಗೆ ಇದು ಯಾಕೆ ಜಾಸ್ತಿ ಮುಖ್ಯ ಅಂದ್ರೆ ಸಂಬಂಧದಲ್ಲೇ ಮದ್ವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದ್ವೇಲಿ ಒಂದಕ್ಕಿಂತ ಹೆಚ್ಚು ರಕ್ತ ಸಂಬಂಧದಲ್ಲೇ ಆಗಿರೋವು. ಸೋದರಮಾವ–ಅಕ್ಕನ ಮಗಳು ಆದ್ರೆ ಇಬ್ಬರ ಜೀನ್‌ನಲ್ಲಿ ನಾಲ್ಕನೇ ಒಂದು ಪಾಲು ಒಂದೇ, ಮಾವನ ಮಗ–ಅತ್ತೆ ಮಗಳು ಆದ್ರೆ ಎಂಟನೇ ಒಂದು ಪಾಲು. ಇದರಿಂದ ಎಲ್ಲ ಮಕ್ಕಳಿಗೂ ಕಾಯಿಲೆ ಬರತ್ತೆ ಅಂತ ಹೆದರಿಸೋದು ಸುಳ್ಳು. ಯಾರಿಗೇ ಆಗ್ಲಿ ಹುಟ್ಟು ದೋಷ ಇರೋ ಮಗು ಆಗೋ ಸಾಧ್ಯತೆ ನೂರಕ್ಕೆ ಎರಡು-ಮೂರು ಇರತ್ತೆ, ಮಾವನ ಮಗ ಅತ್ತೆ ಮಗಳು ಮದ್ವೆಯಾದ್ರೆ ಅದಕ್ಕೆ ಇನ್ನೊಂದು ಎರಡು-ಮೂರು ಸೇರತ್ತೆ, ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳು ಆರೋಗ್ಯವಾಗೇ ಹುಟ್ತಾರೆ. ಗದ್ದೆ ಹಂಚಿ ಹೋಗ್ಬಾರ್ದು, ಹೆಣ್ಣುಮಗಳು ಕಣ್ಣೆದುರೇ ಇರ್ಲಿ ಅಂತ ಮಾಡಿರೋ ಮದ್ವೆಗಳನ್ನ ಈಗ ಕೂತು ಬೈದ್ರೆ ಉಪಯೋಗ ಇಲ್ಲ, ಮೊದಲೇ ಮಗು ಕಳ್ಕೊಂಡವಳ ಮುಂದೆ ಅದನ್ನ ಎತ್ತೋದಂತೂ ಕ್ರೂರತನ. ಉಪಯೋಗ ಇರೋದು ಒಂದರಲ್ಲಿ, ಆಗಿರೋ ಮದ್ವೇಲಿ ಬಸುರಾಗೋ ಮುಂಚೆ ಇಬ್ಬರ ರಕ್ತನೂ ಟೆಸ್ಟ್ ಮಾಡಿಸೋದು. ಥಲಸ್ಸೀಮಿಯಾ, ಸಿಕಲ್ ಸೆಲ್‌ಗೆ ಎಚ್‌ಪಿಎಲ್‌ಸಿ ಅನ್ನೋ ಒಂದು ರಕ್ತದ ಟೆಸ್ಟ್ ಸಾಕು.

ಎಚ್.ಡಿ. ಕೋಟೆ, ಚಾಮರಾಜನಗರ ಕಡೆ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ. 2023ರ ಜುಲೈ 1ಕ್ಕೆ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಮಿಷನ್‌ನಲ್ಲಿ ರಕ್ತ ಪರೀಕ್ಷೆ ಮಾಡಿ ಅವರವರ ಸ್ಥಿತಿ ತಿಳಿಸೋ ಕಾರ್ಡ್ ಕೊಡ್ತಾರೆ. ಒಳ್ಳೇ ಕೆಲ್ಸ. ಆದ್ರೆ ಗಂಡ ಹೆಂಡ್ತಿ ಇಬ್ಬರ ಕಾರ್ಡಲ್ಲೂ ಕ್ಯಾರಿಯರ್, ಅಂದ್ರೆ ಕೆಟ್ಟ ಪ್ರತಿ ಒಂದು ಇದ್ದೂ ಕಾಯಿಲೆ ಇಲ್ಲದವರು, ಅಂತ ಬಂದ್ಮೇಲೆ ಆ ಹೆಣ್ಣುಮಗಳು ಎಂಟನೇ ವಾರಕ್ಕೆ ಯಾರ ಹತ್ರ ಹೋಗ್ಬೇಕು, ಹನ್ನೊಂದನೇ ವಾರಕ್ಕೆ ಮೈಸೂರಿಗೆ ಕರ್ಕೊಂಡು ಬರೋರು ಯಾರು, ಖರ್ಚು ಯಾರದ್ದು, ಇಷ್ಟೂ ಆ ಕಾರ್ಡ್ ಜೊತೆಗೇ ಬರ್ಬೇಕು. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸೋ ದಿನವೇ "ಮನೇಲಿ ಮೊದಲು ಮಗು ಏನಾದ್ರೂ ಹೋಗಿದ್ಯಾ, ಸಂಬಂಧದಲ್ಲಿ ಮದ್ವೆನಾ" ಅಂತ ಎರಡು ಪ್ರಶ್ನೆ ಕೇಳಿ ಮೇಲೆ ಕಳಿಸೋ ಥರ ಆದ್ರೆ ಎಷ್ಟೋ ಮನೆಗೆ ಅಷ್ಟೇ ಸಾಕು ಅನ್ಸತ್ತೆ ನನಗೆ.

ಮಂಡ್ಯದ ಮಾತು ಎತ್ತದೆ ಇದನ್ನ ಮುಗಿಸೋಕಾಗಲ್ಲ. 2023ರ ಕೊನೇಲಿ ಮಂಡ್ಯದ ಒಂದು ಆಲೆಮನೇಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಕೊಂಡು ಹೆಣ್ಣೋ ಗಂಡೋ ನೋಡ್ತಿದ್ದ ಜಾಲ ಸಿಕ್ಕಿ ಬಿದ್ದಾಗ ಇಡೀ ರಾಜ್ಯ ತಲೆ ತಗ್ಗಿಸ್ತು. ಆಗಿಂದ ನಮ್ಮ ಕಡೆ ಹೊಟ್ಟೆಗೆ ಸೂಜಿ ಹಾಕೋ ಟೆಸ್ಟ್ ಅಂದ್ರೆ ಜನ ಕಣ್ಣು ಕಿರಿದು ಮಾಡಿ ನೋಡ್ತಾರೆ. ತಂಗಿ ಊರಲ್ಲೂ ಒಬ್ಬರು "ಗಂಡು ಬೇಕೂಂತ ನೋಡ್ಸೋಕೆ ಹೋಗಿದ್ರಂತೆ" ಅಂದ್ರು, ಮಗು ಕಳ್ಕೊಂಡವಳ ಬಗ್ಗೆ. ಜನರ ಅನುಮಾನಕ್ಕೆ ಹಳೇ ಕಾರಣನೂ ಇದೆ, 1970ರ ದಶಕದ ಮಧ್ಯದಲ್ಲಿ ದಿಲ್ಲಿಯ ಏಮ್ಸ್‌ನಲ್ಲಿ ಆಮ್ನಿಯೋ ಶುರುವಾಗಿದ್ದು ಮಗುವಿನ ದೋಷ ಕಂಡುಹಿಡಿಯೋಕೆ, ಆದ್ರೆ ಬಹಳ ಬೇಗ ಅದನ್ನ ಹೆಣ್ಣು ಮಗು ಬೇಡ ಅನ್ನೋಕೆ ಬಳಸೋಕೆ ಶುರು ಮಾಡಿದ್ರು. ಇದನ್ನ ತಡೆಯೋಕೆ 1988ರಲ್ಲಿ ಮಹಾರಾಷ್ಟ್ರ ಕಾನೂನು ಮಾಡ್ತು, 1994ರಲ್ಲಿ ಇಡೀ ದೇಶಕ್ಕೆ ಪಿಎನ್‌ಡಿಟಿ ಕಾಯ್ದೆ ಬಂತು, 2003ರಲ್ಲಿ ತಿದ್ದುಪಡಿಯಾಗಿ ಇನ್ನೂ ಬಿಗಿಯಾಯ್ತು. ಆ ಕಾನೂನು ಸೂಜಿ ಟೆಸ್ಟನ್ನ ನಿಲ್ಲಿಸಿಲ್ಲ, ಯಾರಿಗೆ ಮಾಡ್ಬಹುದು ಅಂತ ಬರೆದಿದೆ: ತಾಯಿಗೆ 35 ದಾಟಿದ್ರೆ, ಎರಡು ಅಥವಾ ಹೆಚ್ಚು ಗರ್ಭ ತಾನಾಗೇ ಹೋಗಿದ್ರೆ, ಮನೇಲಿ ಬುದ್ಧಿಮಾಂದ್ಯತೆ, ಅಂಗದೋಷ, ಜೀನ್ ಕಾಯಿಲೆ ಇದ್ರೆ, ಮಗುಗೆ ಹಾನಿ ಮಾಡೋ ಔಷಧಿ, ರೇಡಿಯೇಷನ್ ತಾಗಿದ್ರೆ. ನೋಂದಣಿ ಆಗಿರೋ ಜಾಗದಲ್ಲೇ ಮಾಡ್ಬೇಕು, ಫಾರ್ಮ್ ಜಿ ಅನ್ನೋ ಒಪ್ಪಿಗೆ ಪತ್ರ ತಾಯಿಗೆ ಗೊತ್ತಿರೋ ಭಾಷೇಲಿ ಇರ್ಬೇಕು, ಅದರ ಪ್ರತಿ ಅವಳಿಗೆ ಕೊಡ್ಬೇಕು, ಹೆಣ್ಣೋ ಗಂಡೋ ಅಂತ ಯಾರೂ ಯಾವ ರೀತಿಲೂ ಹೇಳೋ ಹಂಗಿಲ್ಲ. ತಂಗಿ ರಿಪೋರ್ಟ್‌ನಲ್ಲೂ ಅದು ಇರ್ಲಿಲ್ಲ. ಕನ್ನಡದ ಫಾರ್ಮ್ ಕೇಳಿ ತಗೊಂಡ್ವಿ, ಮೊದಲು ಇಂಗ್ಲಿಷ್‌ದೇ ಮುಂದಿಟ್ಟಿದ್ರು, ಅವಳು ಓದಿ ಓದಿ, ಎರಡು ಕಡೆ ಪ್ರಶ್ನೆ ಕೇಳಿ, ಆಮೇಲೆ ಸೈನ್ ಹಾಕಿದ್ಲು.

ಟೆಸ್ಟ್ ಅಂತೂ ಹತ್ತು ನಿಮಿಷದಲ್ಲಿ ಮುಗೀತು. ಸ್ಕ್ಯಾನ್‌ನಲ್ಲಿ ಮಗು ಎಲ್ಲಿದೆ, ಮಾಸು ಎಲ್ಲಿದೆ ನೋಡ್ಕೊಂಡು, ಹೊಟ್ಟೆ ಒರೆಸಿ, ತೆಳ್ಳಗಿನ ಉದ್ದ ಸೂಜಿ. ರಕ್ತ ತೆಗೆದಷ್ಟೇ ನೋವು, ಆಮೇಲೆ ಸ್ವಲ್ಪ ಮುಟ್ಟಿನ ನೋವಿನ ಥರ ಅಂದ್ಲು. ಒಂದೆರಡು ದಿನ ಭಾರ ಎತ್ಬೇಡಿ, ನೀರು ಸೋರಿದ್ರೆ, ರಕ್ತ ಕಂಡ್ರೆ, ಜ್ವರ ಬಂದ್ರೆ ರಾತ್ರಿ ಆದ್ರೂ ಬನ್ನಿ ಅಂತ ಹೇಳಿ ಕಳಿಸಿದ್ರು. ಅವಳದ್ದು ನೆಗೆಟಿವ್ ಬ್ಲಡ್ ಗ್ರೂಪ್, ಅದಕ್ಕೆ 72 ಗಂಟೆ ಒಳಗೆ ಕೊಡ್ಬೇಕಾದ ಆಂಟಿ-ಡಿ ಇಂಜೆಕ್ಷನ್ ಅಲ್ಲೇ ಹಾಕಿದ್ರು. ಈ ಗ್ರೂಪ್ ಇರೋರು ಇದನ್ನ ನೆನಪಿಟ್ಟು ಕೇಳಿ, ಸಿವಿಎಸ್‌ಗೂ ಇದೇ ನಿಯಮ.

ಮತ್ತೆ ರಿಸಲ್ಟ್ ಕೆಟ್ಟದಾಗಿ ಬಂತು ಅಂದ್ರೆ ಗರ್ಭ ತೆಗೆಸಲೇಬೇಕು ಅಂತ ಯಾವ ಕಾನೂನೂ ಹೇಳಲ್ಲ, ಯಾವ ಡಾಕ್ಟರೂ ಹೇಳ್ಬಾರ್ದು. ಡೌನ್ ಸಿಂಡ್ರೋಮ್ ಇದೆ ಅಂತ ಗೊತ್ತಿದ್ದೂ ಮಗುನ ಹೆತ್ತು ಪ್ರೀತಿಯಿಂದ ಬೆಳೆಸೋ ತಾಯಂದಿರಿದಾರೆ, ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ ಕಿವಿ ಕೇಳದ ಮಕ್ಕಳನ್ನ ಎತ್ಕೊಂಡು ಎಲ್ಲೆಲ್ಲಿಂದಲೋ ಬಂದು ಮಾತು ಕಲಿಸೋ ಅಪ್ಪ ಅಮ್ಮಂದಿರನ್ನ ಮೈಸೂರಿನವರೆಲ್ಲ ನೋಡಿದೀವಿ. ಕಿವುಡಿಗೂ ಎಷ್ಟೋ ಸಲ ಜೀನ್ ಕಾರಣ, ಅದನ್ನೂ ಹೊಟ್ಟೇಲೇ ಹುಡುಕ್ಬಹುದು ಅಂದ ಮಾತ್ರಕ್ಕೆ ಹುಡುಕ್ಬೇಕಾ ಅನ್ನೋದು ಬೇರೆ ಪ್ರಶ್ನೆ, ನನ್ನ ಮನಸ್ಸು ಒಪ್ಪಲ್ಲ. ಎಂಟು ತಿಂಗಳು ಉಸಿರಿಗೆ ಒದ್ದಾಡಿ ಹೋಗೋ ಕಾಯಿಲೆ ಅದಲ್ಲ. ಎಲ್ಲಿ ಗೆರೆ ಎಳೀಬೇಕು ಅನ್ನೋದು ಆ ತಾಯಿ ತೀರ್ಮಾನ, ಅತ್ತೆ ಮನೆಯವರದ್ದೂ ಅಲ್ಲ, ತವರಿನವರದ್ದೂ ಅಲ್ಲ. ಅವಳಿಗೆ ಯೋಚನೆ ಮಾಡೋಕೆ ಸಮಯ ಇರ್ಬೇಕು ಅಷ್ಟೆ, ಆ ಸಮಯ ಜಾಸ್ತಿ ಸಿಗೋದು ಬೇಗ ಟೆಸ್ಟ್ ಆದಾಗ.

ತಂಗಿ ರಿಸಲ್ಟ್ ಹದಿನೆಂಟು ವಾರ ಐದು ದಿನಕ್ಕೆ ಬಂತು. ಮಗು ಕ್ಯಾರಿಯರ್, ಅಂದ್ರೆ ಅಪ್ಪ ಅಮ್ಮನ ಹಂಗೇ, ಕಾಯಿಲೆ ಇಲ್ಲ. ಈಗ ಎರಡು ವರ್ಷದ ಹುಡುಗಿ, ಅಂಗಳದಲ್ಲಿ ಕೋಳಿ ಅಟ್ಟಿಸ್ಕೊಂಡು ಓಡ್ತಾಳೆ.

ಆಮೇಲೆ ನಾನೂ ಟೆಸ್ಟ್ ಮಾಡಿಸ್ದೆ, ನಾನೂ ಕ್ಯಾರಿಯರ್, ನನ್ನ ಗಂಡ ಅಲ್ಲ. ಅವ್ವನ ಕಡೆಯಿಂದಲೇ ಇದು ಬಂದಿರೋದು ಅಂತ ಅವ್ವನ ರಕ್ತ ನೋಡಿದಾಗ ಗೊತ್ತಾಯ್ತು, ಮಾವನಿಗೂ ಇದೆ. ಚಿಕ್ಕವ್ವನಿಗೆ ಇದ್ಯೋ ಇಲ್ವೋ ಗೊತ್ತಿಲ್ಲ, ಇರೋಕೆ ಅರ್ಧಕ್ಕರ್ಧ ಸಾಧ್ಯತೆ. ಈಗ ಚಿಕ್ಕವ್ವನ ಮಗಳನ್ನ ಬಾವನ ತಮ್ಮನಿಗೆ ತರೋ ಮಾತು ನಡೀತಿದೆ, ಶ್ರಾವಣದಲ್ಲಿ ಒಪ್ಪಂದ ಅಂತಿದಾರೆ. ಹೋದ ಭಾನುವಾರ ತಂಗಿ ಬೀರುವಿಂದ ಆ ರಿಪೋರ್ಟ್ ತೆಗೆದು ಝೆರಾಕ್ಸ್ ಮಾಡಿಸಿ ಚಿಕ್ಕವ್ವನ ಮನೆಗೆ ಅವಳೇ ತಗೊಂಡು ಹೋದ್ಲು. ಚಿಕ್ಕವ್ವ ಮೊದಲು ಮುಖ ಗಂಟು ಹಾಕ್ಕೊಂಡ್ರು, ನನ್ನ ಮಗಳಿಗೆ ಏನು ದೋಷ ಅಂತ. ತಂಗಿ ಏನೂ ಹೇಳ್ದೆ ಕಾಗದದ ಮೇಲೆ ಬರೆದಿರೋ ಮಗು ಹೆಸರು ತೋರಿಸಿದ್ಲಂತೆ. ಇಬ್ಬರಿಗೂ ಈ ಶನಿವಾರ ಮೈಸೂರಲ್ಲಿ ರಕ್ತ ಕೊಡೋದು ಅಂತ ಆಗಿದೆ.